ಪ್ರೋಬ್ ಇಲ್ಲದ ಪೆಟ್ಟಿಗೆ, ಮತ್ತು ಎರಡು ದಿನ ಕಾಡಿದ 0003

ಎಲೆಕ್ಟ್ರಾನಿಕ್ ಬೋರ್ಡುಗಳ ತಪ್ಪು ಹುಡುಕುವ ಆ ಹಳೆ ಪೆಟ್ಟಿಗೆ ನನ್ನ ಕೈಗೆ ಬಂದಾಗ ಅದರಲ್ಲಿ ನಾಲ್ಕು ವಸ್ತು ಇರಲಿಲ್ಲ. ಬೋರ್ಡಿಗೆ ಮುಟ್ಟಿಸಿ ಡೇಟಾ ನೋಡುವ ಮೊನೆ, ಅಂದರೆ ಪ್ರೋಬ್, ಇರಲಿಲ್ಲ. ಸ್ಟಾರ್ಟ್, ಸ್ಟಾಪ್, ಕ್ಲಾಕ್ ವೈರುಗಳು ಹೊರಡುವ ಪುಟ್ಟ ಪಾಡ್ ಇರಲಿಲ್ಲ. ಮುಚ್ಚಳ ತೆಗೆದರೆ ಒಳಗೆ ಒಂದು ಸಾಕೆಟ್ ಖಾಲಿ. ಮುಂದಿನ ಹೆಸರಿನ ಪಟ್ಟಿಯನ್ನೂ ಯಾರೋ ಕಿತ್ತಿದ್ದರು, ಅಂಟಿನ ಗುರುತು ಮಾತ್ರ ಉಳಿದಿತ್ತು. ಯಾವ ಕಂಪನಿಯದು, ಯಾವ ಮಾಡೆಲ್ಲು ಅಂತ ಹೇಳುವ ಒಂದಕ್ಷರವೂ ಎಲ್ಲೂ ಇಲ್ಲ. ಮ್ಯಾನ್ಯುಯಲ್ ಹುಡುಕೋಣ ಎಂದರೆ ಯಾವ ಹೆಸರಿನಲ್ಲಿ ಹುಡುಕುವುದು?

ಆದರೆ ಏನದು ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ನಾಲ್ಕು ಅಂಕಿಯ ಕೆಂಪು ಡಿಸ್‌ಪ್ಲೇ, ಸಿಗ್ನಲ್ಲು ಸೊನ್ನೆಯಿಂದ ಒಂದಕ್ಕೆ ಏರುವ ಅಂಚು ಬೇಕಾ, ಒಂದರಿಂದ ಸೊನ್ನೆಗೆ ಇಳಿಯುವ ಅಂಚು ಬೇಕಾ ಅಂತ ಆರಿಸಲು ಮೂರು ಗುಂಡಿ, ಗೇಟ್ ಎಂದು ಬರೆದ ಒಂದು ದೀಪ. ಸಿಗ್ನೇಚರ್ ಅನಲೈಸರ್. ಈ ಜಾತಿಯ ಉಪಕರಣವನ್ನು 1977ರಲ್ಲಿ ಎಚ್‌ಪಿಯವರು 5004ಎ ಎಂಬ ಹೆಸರಿನಲ್ಲಿ ತಂದರು. ಆಮೇಲೆ ಅದೇ ದಾರಿಯಲ್ಲಿ ಬೇರೆಯವರೂ ಮಾಡಿದರು. ನನ್ನದು ಹಾಗೆ ಬಂದ ಒಂದು.

ಈ ಹಳೆ ಉಪಕರಣಗಳಲ್ಲಿ ಕಾಣೆಯಾಗುವುದು ಯಾವಾಗಲೂ ಕೈಯಲ್ಲಿ ಹಿಡಿಯುವ ತುದಿಯೇ. ಪೆಟ್ಟಿಗೆ ದೊಡ್ಡದು, ಯಾರೂ ಎಸೆಯುವುದಿಲ್ಲ. ವೈರು ಅಂತ ಕಂಡದ್ದನ್ನೆಲ್ಲ ಒಟ್ಟು ಮಾಡಿ ಇನ್ನೊಂದು ಡಬ್ಬಕ್ಕೆ ಹಾಕುತ್ತಾರೆ, ಆ ಡಬ್ಬ ಎಲ್ಲೋ ಹೋಗುತ್ತದೆ. ನಿಜ ಹೇಳಬೇಕೆಂದರೆ ಉಪಕರಣದ ಅರ್ಧ ಬುದ್ಧಿ ಇರುವುದು ಆ ತುದಿಯಲ್ಲಿ. ನಿಮ್ಮ ಹತ್ತಿರ ಅಂಥದ್ದು ಇದ್ದರೆ ದಯವಿಟ್ಟು ಪ್ರೋಬನ್ನು ಪೆಟ್ಟಿಗೆಗೇ ಕಟ್ಟಿಡಿ. ಬೇರೆ ಮಾಡಿ ಯಾರಿಗೂ ಕೊಡಬೇಡಿ.

ಇದು ಮಾಡುವ ಕೆಲಸ ಏನು ಅಂತ ಸ್ವಲ್ಪ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

ಮೈಕ್ರೋಪ್ರೊಸೆಸರ್ ಬರುವ ಮೊದಲು ಬೋರ್ಡ್ ರಿಪೇರಿ ಮಾಡುವವರು ವೋಲ್ಟೇಜಿನ ಅಲೆ ತೋರಿಸುವ ಸ್ಕೋಪ್ ಹಿಡಿದು ಒಂದೊಂದೇ ಪಾಯಿಂಟ್ ನೋಡುತ್ತಾ ಹೋಗುತ್ತಿದ್ದರು. ಇಲ್ಲಿ ಇಂಥ ಅಲೆ ಇರಬೇಕು ಅಂತ ನಕ್ಷೆಯಲ್ಲಿ ಚಿತ್ರ ಇರುತ್ತಿತ್ತು. ಪ್ರೊಸೆಸರ್ ಬಂದ ಮೇಲೆ ಬಸ್ಸಿನ, ಅಂದರೆ ಚಿಪ್ಪುಗಳೆಲ್ಲ ಹಂಚಿಕೊಳ್ಳುವ ವೈರುಗಳ ಗುಂಪಿನ, ಎಲ್ಲ ಲೈನುಗಳೂ ಒಂದೇ ಥರ ಕಾಣತೊಡಗಿದವು. ಮೇಲೆ ಕೆಳಗೆ ಮೇಲೆ ಕೆಳಗೆ, ಅಷ್ಟೇ. ಸರಿಯಾದ ಲೈನಿಗೂ ಕೆಟ್ಟ ಲೈನಿಗೂ ಕಣ್ಣಿಗೆ ವ್ಯತ್ಯಾಸ ಸಿಗುವುದಿಲ್ಲ. ಸಿಗ್ನೇಚರ್ ಅನಲೈಸರ್ ಚಿತ್ರ ತೋರಿಸುವ ಗೋಜಿಗೇ ಹೋಗುವುದಿಲ್ಲ. ಸ್ಟಾರ್ಟ್ ಸಿಗ್ನಲ್ಲಿನಿಂದ ಸ್ಟಾಪ್ ತನಕ, ಕ್ಲಾಕಿನ ಪ್ರತಿ ಬಡಿತಕ್ಕೂ ಆ ಲೈನಿನಲ್ಲಿ ಏನಿದೆ, ಸೊನ್ನೆಯಾ ಒಂದಾ ಅಂತ ನೋಡಿ 16 ಬಿಟ್ಟಿನ ಒಂದು ಶಿಫ್ಟ್ ರಿಜಿಸ್ಟರಿಗೆ ತಳ್ಳುತ್ತದೆ, ಹೊಸ ಬಿಟ್ ಒಳಗೆ ಬಂದಂತೆ ಹಳೆಯವು ಒಂದೊಂದು ಮನೆ ಮುಂದೆ ಸರಿಯುತ್ತವೆ. ಆ ರಿಜಿಸ್ಟರಿನ 7, 9, 12 ಮತ್ತು 16ನೇ ಬಿಟ್ಟುಗಳು ತಿರುಗಿ ಬಂದು ಒಳಗೆ ಹೋಗುವ ಬಿಟ್ಟಿನ ಜೊತೆ ಎಕ್ಸಾರ್ ಆಗುತ್ತವೆ (ಒಟ್ಟು ಒಂದುಗಳು ಬೆಸ ಇದ್ದರೆ ಒಂದು, ಸಮ ಇದ್ದರೆ ಸೊನ್ನೆ). ಕೊನೆಯಲ್ಲಿ ಉಳಿದ 16 ಬಿಟ್ಟನ್ನು ನಾಲ್ಕು ಅಕ್ಷರವಾಗಿ ತೋರಿಸುತ್ತದೆ, ಅದೇ ಸಿಗ್ನೇಚರ್. ನಕ್ಷೆಯಲ್ಲಿ ಅಚ್ಚಾದದ್ದಕ್ಕೆ ಅದು ಹೊಂದಿದರೆ ಆ ಲೈನು ಸರಿ. ಶಾಲೆಯಲ್ಲಿ ಮಾಡಿದ ಭಾಗಾಕಾರದ ಶೇಷ ಇದ್ದ ಹಾಗೆ. ಎಷ್ಟೇ ಉದ್ದದ ಸಾಲು ಹೋದರೂ ಕೊನೆಗೆ ಸಿಗುವುದು ನಾಲ್ಕೇ ಅಕ್ಷರ. ಸಾಲಿನಲ್ಲಿ ಒಂದೇ ಒಂದು ಬಿಟ್ ತಪ್ಪಿದ್ದರೆ ಅದು ಖಂಡಿತ ಸಿಕ್ಕಿಬೀಳುತ್ತದೆ. ಹಲವು ಬಿಟ್ಟುಗಳು ಅಡ್ಡಾದಿಡ್ಡಿ ಕೆಟ್ಟಿದ್ದರೂ ತಪ್ಪಿಸಿಕೊಳ್ಳುವ ಸಾಧ್ಯತೆ ಸುಮಾರು 65,536ರಲ್ಲಿ ಒಂದು ಮಾತ್ರ. ನನಗೆ ಈ ಯೋಚನೆ ಈಗಲೂ ತುಂಬಾ ಚೆಂದ ಅನ್ನಿಸುತ್ತದೆ.

ಪವರ್ ಸಪ್ಲೈ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಿರುವ ಕೆಲಸ. ಇಷ್ಟು ಹಳೆಯದನ್ನು ನೇರ ಪ್ಲಗ್ಗಿಗೆ ಹಾಕಬೇಡಿ. ಮೇನ್ಸ್ ಕಡೆಯ ಬಿರುಕು ಬಿಟ್ಟ ಪೇಪರ್ ಕೆಪಾಸಿಟರನ್ನು ಮೊದಲೇ ತೆಗೆದೆ, ಅವು ಹೊಗೆ ಬಿಡುವುದಕ್ಕೇ ಕಾಯುತ್ತಿರುತ್ತವೆ. ದೊಡ್ಡ ಫಿಲ್ಟರ್ ಕೆಪಾಸಿಟರುಗಳನ್ನು ಬದಲಾಯಿಸಿದೆ. ಸರಣಿಯಲ್ಲಿ ಒಂದು ಬಲ್ಬ್ ಇಟ್ಟು ಆನ್ ಮಾಡಿದೆ. ಬಲ್ಬ್ ಜೋರಾಗಿ ಉರಿಯಿತು, ಅಂದರೆ ಎಲ್ಲೋ ಶಾರ್ಟ್. ಒಂದು ಟ್ಯಾಂಟಲಮ್ ಕೆಪಾಸಿಟರ್ ಸತ್ತಿತ್ತು. ಅದನ್ನು ಕಿತ್ತ ಮೇಲೆ 5 ವೋಲ್ಟ್ ನೆಟ್ಟಗೆ ನಿಂತಿತು.

ಡಿಸ್‌ಪ್ಲೇ ಮಾತ್ರ ಪೂರ್ತಿ ಕತ್ತಲು. ಆ ಖಾಲಿ ಸಾಕೆಟ್ಟಿನ ಕಥೆ ಅಲ್ಲಿಂದ ಶುರು.

ಸಾಕೆಟ್ 16 ಕಾಲಿನದು. ಮಲ್ಟಿಮೀಟರನ್ನು ಬೀಪ್‌ಗೆ ಹಾಕಿ ಒಂದೊಂದೇ ಕಾಲು ಎಲ್ಲಿಗೆ ಹೋಗುತ್ತದೆ ಅಂತ ಬರೆದುಕೊಂಡೆ. 8 ಗ್ರೌಂಡ್, 16 ಐದು ವೋಲ್ಟ್. 1ರಿಂದ 7ರ ತನಕ ಏಳು ಕಾಲು ಡ್ರೈವರ್ ಚಿಪ್ಪಿನ ಮೂಲಕ ಡಿಸ್‌ಪ್ಲೇ ಕಡೆ ಹೋಗುತ್ತವೆ. 9ಕ್ಕೆ ಏನೂ ಇಲ್ಲ. 10ರಿಂದ 13 ಮಲ್ಟಿಪ್ಲೆಕ್ಸರುಗಳಿಂದ ಬರುತ್ತವೆ. 14 ಮತ್ತು 15 ಗ್ರೌಂಡಿಗೆ ಕಟ್ಟಿವೆ. ಇಷ್ಟು ಬರೆದು ಹಾಳೆ ನೋಡಿದಾಗ ಥಟ್ಟನೆ ಹೊಳೆಯಿತು, ಇದು 82ಎಸ್123 ಥರದ ಪ್ರಾಮ್, ಅಂದರೆ ಒಮ್ಮೆ ಮಾತ್ರ ಬರೆಯಬಹುದಾದ ಮೆಮೊರಿ ಚಿಪ್. 32 ಸಾಲು, ಸಾಲಿಗೆ 8 ಬಿಟ್. ಒಳಗೆ ಬಂದ ನಾಲ್ಕು ಬಿಟ್ಟನ್ನು ಡಿಸ್‌ಪ್ಲೇಯ ಅಂಕಿ ಮೂಡಿಸುವ ಏಳು ಗೆರೆಗಳಾಗಿ, ಅಂದರೆ ಏಳು ಸೆಗ್ಮೆಂಟಾಗಿ ಮಾಡಿ ಕೊಡುವುದಷ್ಟೇ ಅದರ ಕೆಲಸ.

ಮಾಮೂಲಿ ಡಿಸ್‌ಪ್ಲೇ ಡಿಕೋಡರ್ ಯಾಕೆ ಹಾಕಲಿಲ್ಲ ಅಂದರೆ, ಈ ಉಪಕರಣಗಳಲ್ಲಿ 10ರಿಂದ 15ರ ತನಕದ ಅಂಕಿಗಳಿಗೆ ಮಾಮೂಲಿ ಹೆಕ್ಸ್ ಅಕ್ಷರಗಳನ್ನು (ಎ, ಬಿ, ಸಿ, ಡಿ, ಇ, ಎಫ್) ಬಳಸುವುದಿಲ್ಲ. ಏಳು ಸೆಗ್ಮೆಂಟಿನಲ್ಲಿ ದೊಡ್ಡ ಬಿ ಬರೆದರೆ 8 ಆಗುತ್ತದೆ, ಸಣ್ಣದು ಬರೆದರೆ 6ರ ಹಾಗೆ ಕಾಣುತ್ತದೆ. ದೊಡ್ಡ ಡಿ ಬರೆದರೆ ಸೊನ್ನೆ. ರಿಪೇರಿ ಮಾಡುವವರು ದಿನವಿಡೀ ಓದುವ ಅಕ್ಷರ ಅದು, ಒಂದು ಸಲ ತಪ್ಪಿ ಓದಿದರೂ ಸರಿಯಾಗಿರುವ ಚಿಪ್ಪನ್ನು ಕಿತ್ತುಹಾಕುತ್ತಾರೆ. ಅದಕ್ಕೇ ಎ, ಸಿ, ಎಫ್, ಎಚ್, ಪಿ, ಯು ಅಂತ ಆರು ಅಕ್ಷರ ಆರಿಸಿದರು. ಒಂದನ್ನೊಂದು ಹೋಲುವುದಿಲ್ಲ, ಯಾವ ಅಂಕಿಯನ್ನೂ ಹೋಲುವುದಿಲ್ಲ.

ಹಾಗಾಗಿ ಚಿಪ್ ಕಳೆದುಹೋಗಿದ್ದರೂ ಅದರೊಳಗೆ ಏನಿತ್ತು ಅಂತ ಕಳೆದುಹೋಗಿರಲಿಲ್ಲ. ಹದಿನಾರೇ ಸಾಲು, ಪ್ರತಿ ಸಾಲೂ ಗೊತ್ತಿರುವ ಒಂದು ಅಕ್ಷರ. ಯಾವ ಕಾಲು ಯಾವ ಸೆಗ್ಮೆಂಟ್ ಅಂತ ಮಾತ್ರ ತಿಳಿಯಬೇಕಿತ್ತು. ಖಾಲಿ ಸಾಕೆಟ್ಟಿನ ಒಂದೊಂದೇ ಕಾಲನ್ನು 1 ಕಿಲೋ ಓಮ್ ರೆಸಿಸ್ಟರ್ ಮೂಲಕ 5 ವೋಲ್ಟಿಗೆ ಎಳೆದೆ, ಎಳೆದಾಗಲೆಲ್ಲ ನಾಲ್ಕೂ ಮನೆಯಲ್ಲಿ ಒಂದು ಗೆರೆ ಹೊತ್ತಿಕೊಂಡಿತು. ಅಷ್ಟು ವರ್ಷ ಕತ್ತಲಲ್ಲಿದ್ದ ಡಿಸ್‌ಪ್ಲೇಯಲ್ಲಿ ಮೊದಲ ಕೆಂಪು ಗೆರೆ ಬಂದಾಗ ಆದ ಖುಷಿ ಬೇರೆ.

ಹಳೆ ಪ್ರಾಮ್ ಬರೆಯುವ ಪ್ರೋಗ್ರಾಮರ್ ನನ್ನಲ್ಲಿಲ್ಲ. ಅವುಗಳೊಳಗೆ ಫ್ಯೂಸ್ ಸುಟ್ಟು ಬರೆಯಬೇಕು, ಒಮ್ಮೆ ತಪ್ಪಿದರೆ ಮುಗಿಯಿತು. ಅಳಿಸಿ ಮತ್ತೆ ಬರೆಯಬಹುದಾದ ಲಾಜಿಕ್ ಚಿಪ್ ಗ್ಯಾಲ್ 16ವಿ8 ಒಂದನ್ನು ತೆಗೆದುಕೊಂಡು ಅದರಲ್ಲೇ ಆ ಹದಿನಾರು ಸಾಲು ಬರೆದೆ. ಅದು 20 ಕಾಲಿನದು, ಹಾಗಾಗಿ ಸಣ್ಣ ಅಡಾಪ್ಟರ್ ಬೋರ್ಡ್ ಮಾಡಿ ಸಾಕೆಟ್ಟಿನ ಮೇಲೆ ಕೂರಿಸಿದೆ. ಮೂಲ ಬೋರ್ಡಿನ ಒಂದು ಟ್ರ್ಯಾಕನ್ನೂ ಕತ್ತರಿಸಲಿಲ್ಲ. ಇದರಲ್ಲಿ ನಾನು ಸ್ವಲ್ಪ ಹಟಮಾರಿ. ನಾಳೆ ಯಾರಿಗಾದರೂ ನಿಜವಾದ ಪ್ರಾಮ್ ಸಿಕ್ಕರೆ ನನ್ನದನ್ನು ಎಳೆದು ಅದನ್ನು ಒತ್ತಿದರೆ ಆಯಿತು, ಹಾಗೆ ಇರಬೇಕು.

ಇನ್ನು ಪಾಡ್. ಮುಂದಿನ ಕನೆಕ್ಟರಿನಲ್ಲಿ ಯಾವ ಪಿನ್ ಏನು ಅಂತ ಎಲ್ಲಿಯೂ ಬರೆದಿಲ್ಲ. ಇಂಥ ಕಡೆ ನಾನು ಯಾವಾಗಲೂ ಉಲ್ಟಾ ಹೋಗುತ್ತೇನೆ, ಕನೆಕ್ಟರಿನಿಂದ ಒಳಗೆ ಹೋಗುವ ಬದಲು ಒಳಗಿಂದ ಹೊರಗೆ. ಒಳಗೆ ಎಲ್ಲೋ ಆ ಶಿಫ್ಟ್ ರಿಜಿಸ್ಟರ್ ಇರಲೇಬೇಕಲ್ವಾ? ಇತ್ತು. ಎರಡು 74ಎಲ್‌ಎಸ್164 ಪಕ್ಕಪಕ್ಕ, ಒಂದೊಂದೂ 8 ಬಿಟ್. ಮೊದಲನೆಯದರ 12ನೇ ಕಾಲಿನಿಂದ ಒಂದು ಟ್ರ್ಯಾಕ್, ಎರಡನೆಯದರ 3, 6 ಮತ್ತು 13ರಿಂದ ಮೂರು ಟ್ರ್ಯಾಕ್, ನಾಲ್ಕೂ ಹೋಗಿ ಎಕ್ಸಾರ್ ಗೇಟುಗಳಿಗೆ ಸೇರುತ್ತಿದ್ದವು. ಎಣಿಸಿ ನೋಡಿ. 164ರಲ್ಲಿ 12ನೇ ಕಾಲು ಏಳನೇ ಬಿಟ್. ಎರಡನೇ ಚಿಪ್ಪಿನ 3, 6, 13 ಅಂದರೆ ಒಂದನೇ, ನಾಲ್ಕನೇ, ಎಂಟನೇ ಬಿಟ್, ಎರಡೂ ಸೇರಿಸಿದರೆ 9, 12, 16. ಹೆಸರಿಲ್ಲದ ಪೆಟ್ಟಿಗೆ ತನ್ನ ಕುಲವನ್ನು ತಾನೇ ಹೇಳಿತು. 5004ಎ ಬಳಸಿದ ಅದೇ ನಾಲ್ಕು ಟ್ಯಾಪ್, ಅಂದರೆ ತಿರುಗಿ ಬರುವ ಅದೇ ನಾಲ್ಕು ಬಿಟ್. ಹಾಗಾದರೆ ಹಳೆ ನಕ್ಷೆಗಳಲ್ಲಿ ಅಚ್ಚಾಗಿರುವ ಸಿಗ್ನೇಚರುಗಳೆಲ್ಲ ಇದಕ್ಕೂ ಹೊಂದುತ್ತವೆ.

ಆ ಎಕ್ಸಾರ್ ಸರಪಳಿಗೆ ಬರುವ ಐದನೆಯ ವೈರು ಡೇಟಾ. ಅದನ್ನು ಹಿಂದಕ್ಕೆ ಹಿಡಿದು ಹೋದರೆ ಪ್ರೋಬ್ ಕನೆಕ್ಟರಿನ ಪಿನ್ ಸಿಕ್ಕಿತು. ಅಂಚು ಆರಿಸುವ ಮೂರು ಗುಂಡಿಗಳೂ ಒಂದೊಂದು ಎಕ್ಸಾರಿನ ಒಂದು ಕಾಲಿಗೆ ಹೋಗುತ್ತವೆ, ಇನ್ನೊಂದು ಕಾಲೇ ಕನೆಕ್ಟರಿನಿಂದ ಬರುವ ಸಿಗ್ನಲ್. ಗುಂಡಿಯ ಮೇಲೆ ಹೆಸರು ಬರೆದಿತ್ತಲ್ಲ, ಪಿನ್ನಿಗೂ ಅದೇ ಹೆಸರು. 5 ವೋಲ್ಟ್ ಮತ್ತು ಗ್ರೌಂಡ್ ಕೂಡ ಅದೇ ಕನೆಕ್ಟರಿನಲ್ಲಿ ಸಿಕ್ಕವು. ಒಂದು ಸಂಜೆಯ ಕೆಲಸ, ಅಷ್ಟೇ.

ಪಾಡ್ ಕಟ್ಟುವಾಗ ನೆನಪಿಡಬೇಕಾದದ್ದು ಒಂದು. ಅದಕ್ಕೆ ಕಂಪ್ಯಾರೇಟರ್ ಬೇಕು, ಅಂದರೆ ಎರಡು ವೋಲ್ಟೇಜ್ ಹೋಲಿಸಿ ಯಾವುದು ಹೆಚ್ಚು ಅಂತ ಹೇಳುವ ಚಿಪ್. ಡ್ರಾಯರಿನಲ್ಲಿ ಬಿದ್ದಿರುವ ಎಲ್‌ಎಂ339 ಕಂಪ್ಯಾರೇಟರ್ ಇದಕ್ಕೆ ಆಗುವುದಿಲ್ಲ. ಅದು ಉತ್ತರ ಕೊಡಲು ಒಂದು ಮೈಕ್ರೋಸೆಕೆಂಡಿಗಿಂತ ಜಾಸ್ತಿ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ 4 ಮೆಗಾಹರ್ಟ್ಸ್ ಕ್ಲಾಕ್ ನಾಲ್ಕು ಸಲ ಬಡಿದಿರುತ್ತದೆ. 10 ನ್ಯಾನೋಸೆಕೆಂಡ್ ಆಸುಪಾಸಿನ ಕಂಪ್ಯಾರೇಟರುಗಳನ್ನೇ ಹಾಕಿದೆ. ಸ್ಟಾರ್ಟ್, ಸ್ಟಾಪ್, ಕ್ಲಾಕ್ ಮೂರಕ್ಕೂ ಒಂದೊಂದು, ಹೋಲಿಸುವ ಮಟ್ಟ 1.4 ವೋಲ್ಟ್. ಡೇಟಾ ಪ್ರೋಬಿಗೆ ಎರಡು ಬೇಕು. 2 ವೋಲ್ಟಿಗಿಂತ ಮೇಲಿದ್ದರೆ ಒಂದು, 0.8ಕ್ಕಿಂತ ಕೆಳಗಿದ್ದರೆ ಸೊನ್ನೆ. ನಡುವೆ ಇದ್ದರೆ? ಬಸ್ಸನ್ನು ಯಾರೂ ಹಿಡಿದಿಲ್ಲದ ಹೊತ್ತಿನಲ್ಲಿ ಲೈನು ಆ ನಡುವೆಯೇ ತೇಲುತ್ತಿರುತ್ತದೆ. ಆಗ ಹಿಂದಿನ ಸ್ಥಿತಿಯನ್ನೇ ಹಿಡಿದುಕೊಂಡಿರಲಿ ಅಂತ ಎರಡೂ ಕಂಪ್ಯಾರೇಟರುಗಳ ಮುಂದೆ ಒಂದು ಲ್ಯಾಚ್ ಇಟ್ಟೆ. ಇದಿಲ್ಲದೆ ಹೋದರೆ ಒಂದೇ ಪಾಯಿಂಟಿಗೆ ಪ್ರತಿ ಸಲ ಬೇರೆ ಬೇರೆ ಸಿಗ್ನೇಚರ್ ಬರುತ್ತದೆ, ತಪ್ಪು ಬೋರ್ಡಿನದಾ ಪ್ರೋಬಿನದಾ ಅಂತ ತಿಳಿಯುವುದೇ ಇಲ್ಲ. ಪ್ರೋಬಿನ ತುದಿಯನ್ನು 50 ಕಿಲೋ ಓಮ್ ಮೂಲಕ 1.4 ವೋಲ್ಟಿಗೆ ಕಟ್ಟಿದೆ, ಗಾಳಿಯಲ್ಲಿ ಹಿಡಿದರೆ ಅದು ಸೊನ್ನೆಯೂ ಅಲ್ಲ ಒಂದೂ ಅಲ್ಲ. ಡೇಟಾ ಮತ್ತು ಕ್ಲಾಕ್ ಎರಡಕ್ಕೂ ಒಂದೇ ಜಾತಿಯ ಕಂಪ್ಯಾರೇಟರ್ ಹಾಕಿ. ಒಂದು ವೇಗ, ಇನ್ನೊಂದು ನಿಧಾನ ಆದರೆ ಕ್ಲಾಕ್ ಬಡಿಯುವಾಗ ಡೇಟಾ ಇನ್ನೂ ದಾರಿಯಲ್ಲಿರುತ್ತದೆ.

ಈಗ ಪರೀಕ್ಷೆ. ಪರೀಕ್ಷೆ ಮಾಡುವ ಉಪಕರಣವನ್ನೇ ಪರೀಕ್ಷೆ ಮಾಡುವುದು ಹೇಗೆ? ಇದಕ್ಕೆ ಫ್ರೀ ರನ್ ಅನ್ನುವ ಸೊಗಸಾದ ದಾರಿ ಇದೆ. ಪ್ರೊಸೆಸರಿನ ಡೇಟಾ ಕಾಲುಗಳನ್ನು ಬೋರ್ಡಿನಿಂದ ಬಿಡಿಸಿ, ಏನೂ ಮಾಡಬೇಡ ಅನ್ನುವ ನೋಪ್ ಆಜ್ಞೆಯನ್ನು ರೆಸಿಸ್ಟರುಗಳಿಂದ ಅಲ್ಲೇ ಕಟ್ಟಿಬಿಡುವುದು. ಪ್ರೊಸೆಸರ್ ಎಲ್ಲಿ ನೋಡಿದರೂ ನೋಪ್ ಕಾಣುತ್ತದೆ, ಹಾಗಾಗಿ ಒಂದೊಂದೇ ವಿಳಾಸ ಮುಂದೆ ಹೋಗುತ್ತಾ 0ರಿಂದ 65,535ರ ತನಕ ಎಣಿಸಿ ಮತ್ತೆ ಶುರು ಮಾಡುತ್ತದೆ. ಸ್ಟಾರ್ಟ್ ಮತ್ತು ಸ್ಟಾಪ್ ಎರಡನ್ನೂ ಎ15 ಲೈನಿಗೆ, ಅಂದರೆ ವಿಳಾಸದ ಎ0ರಿಂದ ಎ15ರ ತನಕದ ಹದಿನಾರು ಲೈನುಗಳಲ್ಲಿ ಕೊನೆಯದಕ್ಕೆ ಹಾಕಿದರೆ ಒಂದು ಪೂರ್ತಿ ಸುತ್ತು ಸಿಗುತ್ತದೆ. ಪ್ರೋಬನ್ನು 5 ವೋಲ್ಟಿಗೆ ಮುಟ್ಟಿಸಿದರೆ ಬರುವ ಸಿಗ್ನೇಚರ್ ಕ್ಲಾಕಿನ ಲೆಕ್ಕ ಸರಿ ಇದೆಯಾ ಅಂತ ಹೇಳುತ್ತದೆ, ಯಾಕೆಂದರೆ ಅಲ್ಲಿ ಯಾವಾಗಲೂ ಒಂದೇ ಇರುತ್ತದೆ, ಬದಲಾಗುವುದು ಎಷ್ಟು ಒಂದುಗಳು ಅನ್ನುವುದು ಮಾತ್ರ.

ಆ ಲೆಕ್ಕವನ್ನು ಕೈಯಲ್ಲೇ ಮಾಡಬಹುದು. ಈ ನಾಲ್ಕು ಟ್ಯಾಪಿನ ರಿಜಿಸ್ಟರ್ 65,535 ಕ್ಲಾಕಿಗೊಮ್ಮೆ ಸುತ್ತು ಮುಗಿಸುತ್ತದೆ. 0000ದಿಂದ ಶುರು ಮಾಡಿ ಬರೀ ಒಂದುಗಳನ್ನು ತಳ್ಳುತ್ತಾ ಹೋದರೆ 65,535ನೇ ಕ್ಲಾಕಿಗೆ ಮತ್ತೆ 0000. ಪ್ರೊಸೆಸರಿನ ಒಂದು ಸುತ್ತಿನಲ್ಲಿ, ವಿಳಾಸಕ್ಕೊಂದು ಕ್ಲಾಕ್ ಅಂದುಕೊಂಡರೆ, 65,536 ಕ್ಲಾಕ್ ಇರುತ್ತದೆ, ಅಂದರೆ ಇನ್ನೊಂದು ಬಾಕಿ. ಉತ್ತರ 0001.

ನನ್ನ ಮೇಜಿನ ಮೇಲಿದ್ದದ್ದು 6502 ಪ್ರೊಸೆಸರಿನ ಬೋರ್ಡ್. ಅದರ ನೋಪ್ ಇಎ, ಅದನ್ನೇ ಕಟ್ಟಿದೆ. ಕ್ಲಾಕಿಗೆ ಆ ಪ್ರೊಸೆಸರಿನದೇ ಫೈ2 ಕ್ಲಾಕ್ ಲೈನ್. ಪ್ರೋಬ್ 5 ವೋಲ್ಟಿಗೆ. ಗೇಟ್ ದೀಪ ಮಿನುಗಿತು. ಡಿಸ್‌ಪ್ಲೇಯಲ್ಲಿ 0003 ಬಂತು.

ನಡುಗದೆ, ಬದಲಾಗದೆ, 0003. ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. 65,537 ಒಂದುಗಳು ಹೋದರೆ 0003 ಬರುತ್ತದೆ. ಅಂದರೆ ಸುತ್ತಿಗೆ ಒಂದೇ ಒಂದು ಕ್ಲಾಕ್ ಜಾಸ್ತಿ! ನನ್ನ ಪಾಡ್ ಎಲ್ಲೋ ಒಂದು ಅಂಚನ್ನು ಎರಡು ಸಲ ಎಣಿಸುತ್ತಿದೆ ಅಂತ ಖಚಿತವಾಗಿ ನಂಬಿಬಿಟ್ಟೆ. ಗ್ರೌಂಡ್ ವೈರು ಉದ್ದವಾಯಿತೇನೋ ಅಂತ ಚಿಕ್ಕದು ಮಾಡಿದೆ. ಹಿಸ್ಟರೆಸಿಸ್ ಹೆಚ್ಚಿಸಿದೆ. ಕಂಪ್ಯಾರೇಟರುಗಳ ಪಕ್ಕ ಇನ್ನಷ್ಟು ಡಿಕಪ್ಲಿಂಗ್ ಕೆಪಾಸಿಟರ್ ಹಾಕಿದೆ. ಕ್ಲಾಕ್ ವೈರನ್ನು ಗ್ರೌಂಡ್ ಜೊತೆ ಹೆಣೆದೆ. ಎರಡು ದಿನ ಇದೇ. ಏನು ಮಾಡಿದರೂ 0003.

ಎರಡನೇ ದಿನ ರಾತ್ರಿ ಒಂದು ವಿಷಯ ಚುಚ್ಚತೊಡಗಿತು. ಕೇಬಲ್ಲಿನ ಗಲಾಟೆಯಿಂದ ಜಾಸ್ತಿಯಾದ ಎಣಿಕೆ ಇಷ್ಟು ಅಚ್ಚುಕಟ್ಟಾಗಿ ಪ್ರತಿ ಸುತ್ತಿಗೂ ಒಂದೇ ಇರುತ್ತದಾ? ಒಮ್ಮೆ ಮೂರು, ಒಮ್ಮೆ ಹತ್ತು ಆಗಬೇಕಿತ್ತು. ಆಗ 6502ರ ಸೈಕಲ್ ಪಟ್ಟಿ ತೆರೆದೆ. ಅದರ ನೋಪ್‌ಗೆ ಎರಡು ಸೈಕಲ್. ಮೊದಲ ಸೈಕಲ್ಲಿನಲ್ಲಿ ಆಜ್ಞೆ ಓದುತ್ತದೆ, ಎರಡನೆಯದರಲ್ಲಿ ಮುಂದಿನ ವಿಳಾಸವನ್ನು ಸುಮ್ನೆ ಓದಿ ಬಿಟ್ಟುಬಿಡುತ್ತದೆ, ಆಮೇಲೆ ಅದೇ ವಿಳಾಸವನ್ನು ಮತ್ತೆ ಓದುತ್ತದೆ. ಪ್ರತಿ ವಿಳಾಸವೂ ಎರಡೆರಡು ಸಲ. ಹಾಗಾಗಿ ಸುತ್ತಿಗೆ 65,536 ಅಲ್ಲ, 1,31,072 ಕ್ಲಾಕ್. ಅದರಲ್ಲಿ 65,535ರ ಎರಡು ಸುತ್ತು ಕಳೆದರೆ ಉಳಿಯುವುದು 2. ಎರಡು ಒಂದುಗಳು ಅಂದರೆ 0003.

ಪಾಡ್ ಮೊದಲ ದಿನದಿಂದಲೂ ಸರಿಯಾಗೇ ಇತ್ತು.

ಮರುದಿನ ಝಡ್80 ಅನ್ನುವ ಇನ್ನೊಂದು ಪ್ರೊಸೆಸರಿನ ಬೋರ್ಡ್ ತೆಗೆದೆ. ಅದರ ನೋಪ್ 00, ಒಂದು ನೋಪ್‌ಗೆ ಒಂದೇ ಓದು. ಕ್ಲಾಕಿಗೆ ಆರ್‌ಡಿ ಲೈನ್, ಪ್ರೊಸೆಸರ್ ಓದುವಾಗಲೆಲ್ಲ ಅದು ಕೆಳಗಿಳಿಯುತ್ತದೆ. ಇಲ್ಲೂ ಒಂದು ಎಚ್ಚರ ಬೇಕು. ಆರ್‌ಡಿ ಏರುವ ಅಂಚನ್ನು ತೆಗೆದುಕೊಂಡರೆ ಅದೇ ಹೊತ್ತಿಗೆ ಝಡ್80 ವಿಳಾಸದ ಲೈನುಗಳಲ್ಲಿ ಮೆಮೊರಿ ಚಿಪ್ಪುಗಳು ಮರೆಯದಿರಲೆಂದು ಕೊಡುವ ರಿಫ್ರೆಶ್ ವಿಳಾಸ ಹಾಕತೊಡಗುತ್ತದೆ, ಸಿಗ್ನೇಚರ್ ಅಲುಗಾಡುತ್ತದೆ. ಇಳಿಯುವ ಅಂಚೇ ಸರಿ, ಆಗ ವಿಳಾಸ ನಿಂತಿರುತ್ತದೆ. 5 ವೋಲ್ಟಿಗೆ ಮುಟ್ಟಿಸಿದೆ. 0001. ಎ0ಗೆ ಮುಟ್ಟಿಸಿದೆ, ನಾಲ್ಕು ಯು. ಎ1ಕ್ಕೆ 5555. ಎ2ಕ್ಕೆ ನಾಲ್ಕು ಸಿ. ಎ3ಕ್ಕೆ 7ಎಫ್7ಎಫ್. ಎ4ಕ್ಕೆ 5ಎಚ್21. ಹಳೆ ಸರ್ವಿಸ್ ನಕ್ಷೆಗಳನ್ನು ನೋಡಿದವರಿಗೆ ಈ ಸಾಲು ಬಾಯಿಪಾಠ ಇರುತ್ತದೆ. ನಾನು ಒಂದೊಂದೇ ಕಾಲಿಗೆ ಪ್ರೋಬ್ ಇಟ್ಟು ಗಟ್ಟಿಯಾಗಿ ಓದುತ್ತಾ ಎ15ರ ತನಕ ಹೋದೆ, ಆಮೇಲೆ ಮತ್ತೆ ಮೊದಲಿನಿಂದ ಓದಿದೆ. ಅವಶ್ಯಕತೆ ಇರಲಿಲ್ಲ, ಇಷ್ಟವಾಯಿತು ಅಂತ ಓದಿದೆ.

ಇನ್ನೊಂದು ಮಾತು, ಇದೇ ಥರದ ಪೆಟ್ಟಿಗೆ ಕೊಳ್ಳಬೇಕೆಂದಿರುವವರಿಗೆ. 1980ರ ದಶಕದ ಆರಂಭದ ಫ್ಲೂಕ್ 9010ಎ ಅನ್ನುವ ಬೋರ್ಡ್ ಪರೀಕ್ಷಕ ಕೂಡ ಪಾಡ್ ಇಲ್ಲದೆಯೇ ಓಡಾಡುತ್ತಿರುತ್ತದೆ. ಅದರ ವಿಷಯ ಬೇರೆ. ಅದರ ಪಾಡ್ ಬೋರ್ಡಿನ ಪ್ರೊಸೆಸರ್ ಸಾಕೆಟ್ಟಿಗೇ ಹೋಗಿ ಕೂರುತ್ತದೆ, ಪಾಡಿನೊಳಗೇ ಅದೇ ಜಾತಿಯ ಪ್ರೊಸೆಸರ್ ಇರುತ್ತದೆ, ಝಡ್80ಗೆ ಒಂದು ಪಾಡ್, 6502ಗೆ ಇನ್ನೊಂದು. ಕಂಪ್ಯಾರೇಟರ್ ನಾಲ್ಕು ಹಾಕಿ ಕಟ್ಟಿಬಿಡುವ ವಸ್ತು ಅದಲ್ಲ, ಒಳಗೆ ಅದರದೇ ರಾಮ್ ಇದೆ, ಪ್ರೋಗ್ರಾಮ್ ಇದೆ. ಅದನ್ನು ಪಾಡ್ ಸಮೇತ ಸಿಕ್ಕರೆ ಮಾತ್ರ ತಗೊಳ್ಳಿ. ಸಿಗ್ನೇಚರ್ ಅನಲೈಸರ್ ಆದರೆ ಪ್ರೋಬ್ ಇಲ್ಲದಿದ್ದರೂ ಹೆದರಬೇಡಿ. ಅದರ ಪ್ರೋಬ್ ಹೇಗಿರಬೇಕು ಅಂತ ಪೆಟ್ಟಿಗೆಯೇ ಹೇಳುತ್ತದೆ.

ಈಗ ಅದು ನನ್ನ ಮೇಜಿನ ಮೇಲೆ ದಿನಾ ಕೆಲಸ ಮಾಡುತ್ತಿದೆ. ಹೋದ ವಾರ ಒಂದು ಬೋರ್ಡಿನಲ್ಲಿ ಎ9 ಸರಿ ಓದುತ್ತಾ ಬಫರ್ ದಾಟಿದ ಮೇಲೆ ತಪ್ಪು ಓದಿತು, ಐದು ನಿಮಿಷದಲ್ಲಿ ಸತ್ತ ಬಫರ್ ಚಿಪ್ 74ಎಲ್‌ಎಸ್244 ಸಿಕ್ಕಿತು. ಮುಂದಿನ ಅಂಟಿನ ಗುರುತನ್ನು ಒರೆಸಿಲ್ಲ, ಬೇರೆ ಹೆಸರೂ ಅಂಟಿಸಿಲ್ಲ. ಮುಚ್ಚಳದ ಒಳಗಡೆ ಮಾತ್ರ ಒಂದು ಹಾಳೆ ಅಂಟಿಸಿದ್ದೇನೆ. ಅದರಲ್ಲಿ ಎರಡೂ ಕನೆಕ್ಟರುಗಳ ಪಿನ್ ಪಟ್ಟಿ ಇದೆ, ಗ್ಯಾಲ್‌ನ ಹದಿನಾರು ಸಾಲು ಇದೆ, ಪ್ರೋಬಿನ ನಕ್ಷೆ ಇದೆ. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ: ಝಡ್80 ಆದರೆ 0001, 6502 ಆದರೆ 0003, ಎರಡೂ ಸರಿ.